ಹೋಸ್ ಹಳತಾಗುವುದು ಒಳಗಿನಿಂದ

ವಿಮಾನದ ಎಂಜಿನ್ ಬಗ್ಗೆ ಮಾತು ಬಂದರೆ ಜನ ಪಿಸ್ಟನ್ ಅಂತಾರೆ, ಪ್ರೊಪೆಲರ್ ಅಂತಾರೆ, ಕಾರ್ಬ್ಯುರೇಟರ್ ಅಂತಾರೆ. ಗೇಣುದ್ದದ ಕಪ್ಪು ರಬ್ಬರ್ ಕೊಳವೆಯ ಹೆಸರೆತ್ತುವವರು ಕಡಿಮೆ. ನನ್ನ ಸಂಬಳದ ಕೆಲಸದಲ್ಲಿ ದೊಡ್ಡ ಪಾಲು ಮಾತ್ರ ಆ ಕೊಳವೆಗಳದ್ದೇ. ಮನೆ ಜೆ.ಪಿ. ನಗರದಲ್ಲಿ, ಕೆಲಸ ಊರಿನ ಆ ತುದಿಯ ಜಕ್ಕೂರು ಏರೋಡ್ರೋಮಿನಲ್ಲಿ, ಹಗುರ ವಿಮಾನಗಳ ಎಂಜಿನ್ ನೋಡಿಕೊಳ್ಳುವುದು. ಬೆಂಗಳೂರನ್ನು ದಕ್ಷಿಣದಿಂದ ಉತ್ತರಕ್ಕೆ ಸೀಳಿಕೊಂಡು ಹೋಗಿ ಬರುವ ಹೊತ್ತಿಗೆ ನನ್ನ ಕಾರಿನ ರೇಡಿಯೇಟರ್ ಕೂಡ ತನ್ನ ಪಾಠ ಹೇಳಿರುತ್ತದೆ.

ಈ ಹಗುರ ವಿಮಾನಗಳು ಎಲ್ಲಿಂದ ಬಂದವು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಮನೆಯಲ್ಲೇ ವಿಮಾನ ಕಟ್ಟಿದವರು ವಿರಳ. ಮುಂಬೈನ ಕ್ಯಾಪ್ಟನ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿ, 2017ರಲ್ಲಿ ಅದಕ್ಕೆ ಸರ್ಕಾರದ ನೋಂದಣಿ ಸಿಗುವವರೆಗೆ ವರ್ಷಗಟ್ಟಲೆ ಅಲೆದ ಕಥೆ ಎಲ್ಲರಿಗೂ ಗೊತ್ತು. ಬೆಂಗಳೂರಿನ ದಾರಿ ಬೇರೆ. ಜೋಯೆಲ್ ಕೊಷ್ಲಾಂ ಎಂಬ ಫ್ರೆಂಚ್ ವ್ಯಕ್ತಿ ಇಲ್ಲಿ ನೆಲೆಸಿ ರಾಜ್ ಹಂಸ ಅಲ್ಟ್ರಾಲೈಟ್ಸ್ ಎಂಬ ಕಂಪನಿ ಕಟ್ಟಿದರು. ಅವರ ಎಕ್ಸ್-ಏರ್ ವಿಮಾನಗಳು ಬಿಡಿಭಾಗಗಳ ಕಿಟ್ ರೂಪದಲ್ಲಿ ಹೊರದೇಶಗಳಿಗೆ ಹೋಗಿ, ಅಲ್ಲಿನ ಹವ್ಯಾಸಿಗಳ ಶೆಡ್ಡುಗಳಲ್ಲಿ ಜೋಡಣೆಯಾದವು. ಇನ್ನೊಂದು ಕಡೆ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ವಿನ್ಯಾಸದ ಹಂಸ. 1993ರಲ್ಲಿ ಮೊದಲು ಹಾರಿದ ಈ ಎರಡು ಸೀಟಿನ ವಿಮಾನ 2000ದಲ್ಲಿ ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಪ್ರಮಾಣಪತ್ರ ಪಡೆಯಿತು. ಸಿಲ್ಕ್ ಬೋರ್ಡ್ ದಾಟಿ ಹೊಸೂರಿಗೆ ಹೋದರೆ ಅದರಾಚೆ ಬೆಳಗೊಂಡಪಲ್ಲಿಯಲ್ಲಿ ತನೇಜಾ ಏರೋಸ್ಪೇಸ್‌ನವರು ಅದನ್ನು ತಯಾರಿಸಿ ಫ್ಲೈಯಿಂಗ್ ಕ್ಲಬ್ಬುಗಳಿಗೆ ಕೊಟ್ಟರು. 2021ರ ಸೆಪ್ಟೆಂಬರ್ 3ರಂದು ಮೊದಲು ಹಾರಿದ ಹಂಸ-ಎನ್‌ಜಿ ಅದೇ ಮನೆತನದ್ದು.

ಇವುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ ಆಸ್ಟ್ರಿಯಾದ ರೋಟ್ಯಾಕ್ಸ್‌ದೇ. ಎಕ್ಸ್-ಏರ್‌ನಲ್ಲಿ ಎರಡು ಸ್ಟ್ರೋಕಿನ 582 ಅಥವಾ ನಾಲ್ಕು ಸ್ಟ್ರೋಕಿನ 912, ಕ್ಲಬ್ಬುಗಳಿಗೆ ಹೋದ ಹಂಸ-3ರಲ್ಲಿ ಟರ್ಬೊ ಇರುವ 914, ಹಂಸ-ಎನ್‌ಜಿಯಲ್ಲಿ ಇಂಜೆಕ್ಷನ್ ಇರುವ 912. 912 ಮತ್ತು 914ರಲ್ಲಿ ಸಿಲಿಂಡರಿನ ಮೈ ಗಾಳಿಯಿಂದ ತಣಿಯುತ್ತದೆ, ತಲೆ ಮಾತ್ರ ಕೂಲೆಂಟಿನಿಂದ. ಹಿಂದಿರುವ ಪಂಪಿನಿಂದ ನಾಲ್ಕು ಹೋಸ್‌ಗಳು ನಾಲ್ಕು ತಲೆಗಳಿಗೆ ಹೋಗುತ್ತವೆ. ಅಲ್ಲಿಂದ ಮತ್ತೆ ನಾಲ್ಕು ಮೇಲಿನ ಎಕ್ಸ್‌ಪ್ಯಾನ್ಷನ್ ಟ್ಯಾಂಕಿಗೆ, ಟ್ಯಾಂಕಿನಿಂದ ರೇಡಿಯೇಟರಿಗೆ, ರೇಡಿಯೇಟರಿನಿಂದ ಪುನಃ ಪಂಪಿಗೆ. ಅಂದರೆ ಹತ್ತು ಹೋಸ್, ಇಪ್ಪತ್ತು ತುದಿ, ಇಪ್ಪತ್ತು ಕ್ಲಾಂಪ್. ಇವನ್ನು ಬಿಚ್ಚಿ ಹಾಕುತ್ತಾ ಕಲಿತದ್ದು ಇಷ್ಟು.

1. ಹಾರಿದ ಗಂಟೆ ಬಿಡಿ, ಕ್ಯಾಲೆಂಡರ್ ನೋಡಿ

ರೋಟ್ಯಾಕ್ಸ್ ಕೈಪಿಡಿಯ ಪ್ರಕಾರ 912, 914 ಎಂಜಿನ್ನುಗಳ ಕೂಲಿಂಗ್ ಹೋಸ್‌ಗಳೆಲ್ಲವನ್ನೂ 5 ವರ್ಷಕ್ಕೊಮ್ಮೆ ಬದಲಾಯಿಸಬೇಕು. ಇಂಧನದ ಹೋಸ್, ಕಾರ್ಬ್ಯುರೇಟರಿನ ರಬ್ಬರ್ ಸಾಕೆಟ್, ಡಯಾಫ್ರಮ್ ಇವೆಲ್ಲ ಅದೇ ಪಟ್ಟಿಯಲ್ಲಿವೆ. ಎಂಜಿನ್ನಿನ ಓವರ್‌ಹಾಲ್ ಮಿತಿ ಈಗ 2000 ಗಂಟೆ ಅಥವಾ 15 ವರ್ಷ. ಆ ಲೆಕ್ಕದಲ್ಲಿ ಒಂದು ಎಂಜಿನ್ನಿನ ಆಯುಷ್ಯದಲ್ಲಿ ರಬ್ಬರ್ ಎರಡು ಸಲವಾದರೂ ಬದಲಾಗಬೇಕು.

ಮಾಲೀಕರ ತಕರಾರು ಯಾವಾಗಲೂ ಒಂದೇ: "ಸಾರ್, ಐದು ವರ್ಷದಲ್ಲಿ ಇನ್ನೂರು ಗಂಟೆ ಕೂಡ ಹಾರಿಲ್ಲ, ಹೋಸ್ ಯಾಕೆ ಬದಲಾಯಿಸಬೇಕು?" ಕಡಿಮೆ ಹಾರಿದ್ದೇ ಇಲ್ಲಿ ಕಾರಣ ಅಂತ ನಾನು ಹೇಳುತ್ತೇನೆ. ಫ್ಲೈಯಿಂಗ್ ಸ್ಕೂಲಿನ ವಿಮಾನ ದಿನಾ ಹಾರುತ್ತದೆ, ಅದರ ಕೌಲಿಂಗ್ (ಎಂಜಿನ್ನಿನ ಹೊದಿಕೆ) ದಿನಾ ತೆಗೆಯುತ್ತಾರೆ, ನಾಲ್ಕು ಜನರ ಕಣ್ಣು ಬೀಳುತ್ತದೆ. ಹವ್ಯಾಸಿಯ ವಿಮಾನ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತಿರುತ್ತದೆ. ರಬ್ಬರಿಗೆ ಆಮ್ಲಜನಕ, ಓಜೋನ್, ಒಳಗೆ ನಿಂತ ಕೂಲೆಂಟ್ ಇವು ಹಾರಿದರೂ ತಗಲುತ್ತವೆ, ನಿಂತರೂ ತಗಲುತ್ತವೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನಿಂತೇ ಇರುವ ಜಯನಗರದ ಎಷ್ಟೋ ಕಾರುಗಳ ಕಥೆಯೂ ಇದೇ.

2. ಕಣ್ಣಿಗೆ ಕಾಣುವುದು ಹೊರಗಿನ ಚರ್ಮ

ಐದು ವರ್ಷದ ಹೋಸ್ ತೆಗೆದು ಒರೆಸಿದರೆ ಹೊಸದರಂತೆ ಹೊಳೆಯುತ್ತದೆ. ಮಾಲೀಕರು ಅದನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡುತ್ತಾರೆ, ದುಡ್ಡು ದಂಡ ಮಾಡಿಸಿದೆ ಎಂಬಂತೆ. ಅದಕ್ಕೇ ನಾನು ಹಳೆಯ ಹೋಸನ್ನು ಅವರ ಎದುರೇ ಉದ್ದಕ್ಕೆ ಸೀಳಿ ತೋರಿಸುತ್ತೇನೆ.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಕೂಲೆಂಟ್ ಹೋಸ್‌ಗಳು ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರಿನವು. ಈ ರಬ್ಬರಿಗೆ ಕಪ್ಪು ಬಣ್ಣ ಮತ್ತು ಬಲ ಕೊಡುವ ಕಾರ್ಬನ್ ವಿದ್ಯುತ್ತನ್ನು ಕೊಂಚ ಹರಿಯಬಿಡುತ್ತದೆ. ಒಂದು ಕಡೆ ಅಲ್ಯೂಮಿನಿಯಂ ಅಥವಾ ಉಕ್ಕಿನ ಕೊಳವೆ, ನಡುವೆ ಕೂಲೆಂಟ್, ಸುತ್ತ ಕಾರ್ಬನ್ ತುಂಬಿದ ರಬ್ಬರ್ ಸೇರಿದರೆ ಅದೊಂದು ದುರ್ಬಲ ಬ್ಯಾಟರಿ. ಅಮೆರಿಕದ ಗೇಟ್ಸ್ ಕಂಪನಿಯವರು ವಾಹನಗಳ ಹೋಸ್‌ಗಳನ್ನು ಪರೀಕ್ಷಿಸಿ, ಹೋಸ್ ಕೆಡಲು ಮುಖ್ಯ ಕಾರಣ ಈ ವಿದ್ಯುತ್-ರಾಸಾಯನಿಕ ಕ್ರಿಯೆಯೇ ಎಂದು ಕಂಡುಕೊಂಡರು. ಒಳಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಹುಟ್ಟಿ ಉದ್ದಕ್ಕೆ ಬೆಳೆಯುತ್ತವೆ. ಕೂಲೆಂಟ್ ಅವುಗಳೊಳಗೆ ಇಳಿದು ನಡುವಿನ ನೂಲಿನ ಪದರವನ್ನು ಮುಟ್ಟುತ್ತದೆ. ನೂಲು ಕೊಳೆತ ಮೇಲೆ ಹೋಸ್ ಒಂದು ದಿನ ಸೂಚನೆ ಕೊಡದೆ ಸೀಳುತ್ತದೆ. ಹೊರಚರ್ಮ ಆವರೆಗೂ ನುಣುಪಾಗಿಯೇ ಇರುತ್ತದೆ.

ಈ ಬಿರುಕು ಹೆಚ್ಚಾಗಿ ಹುಟ್ಟುವುದು ಲೋಹಕ್ಕೆ ಹತ್ತಿರದಲ್ಲಿ, ಕ್ಲಾಂಪಿನಿಂದ ಒಂದೆರಡು ಅಂಗುಲದೊಳಗೆ. ಹಾಗಾಗಿ ಹೋಸಿನ ನಡುಭಾಗ ಹಿಸುಕಿ ನೋಡುವುದು ವ್ಯರ್ಥ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ತುದಿಯ ಬಳಿ ಹೆಬ್ಬೆರಳು-ತೋರುಬೆರಳಿನ ನಡುವೆ ಒತ್ತಿ, ಆಮೇಲೆ ನಡುಭಾಗವನ್ನು ಒತ್ತಿ. ಎರಡಕ್ಕೂ ವ್ಯತ್ಯಾಸ ಗೊತ್ತಾಗಬಾರದು. ತುದಿ ಮೆತ್ತಗೆ ಅನಿಸಿದರೆ, ಒಳಗೆ ಗೀರಿನಂತೆ ಬೆರಳಿಗೆ ಸಿಕ್ಕರೆ, ಅಥವಾ ಒತ್ತಿದಾಗ ಸಣ್ಣಗೆ ಕರಕರ ಎಂದರೆ, ಐದು ವರ್ಷ ಆಗಿದೆಯೋ ಇಲ್ಲವೋ ಎಂಬ ಚರ್ಚೆ ಮುಗಿಯಿತು. ಕ್ಲಾಂಪಿನ ಪಕ್ಕ ಬಿಳಿಯ ಅಥವಾ ಹಸಿರು ಪುಡಿ ಕಟ್ಟಿದ್ದರೂ ಅಷ್ಟೇ. ಒಣಗಿದ ಕೂಲೆಂಟಿನ ಗುರುತು ಅದು.

3. ಹೆಚ್ಚು ಸುಡುವುದು ಇಳಿದ ಮೇಲೆ

ಹಾರುವಾಗ ಕೌಲಿಂಗ್ ಒಳಗೆ ಗಾಳಿ ನುಗ್ಗುತ್ತಿರುತ್ತದೆ. ಇಳಿದು ಎಂಜಿನ್ ನಿಲ್ಲಿಸಿದ ಕೂಡಲೇ ಗಾಳಿಯೂ ನಿಂತಿತು, ಪಂಪೂ ನಿಂತಿತು. ಎಕ್ಸಾಸ್ಟ್ ಪೈಪಿನ ಬಿಸಿ ಸುತ್ತ ಹರಡುತ್ತದೆ. ರಬ್ಬರ್ ಬೇಯುವುದು ಆ ಅರ್ಧ ಗಂಟೆಯಲ್ಲಿ. ಹತ್ತು ಡಿಗ್ರಿ ಬಿಸಿ ಹೆಚ್ಚಾದರೆ ರಬ್ಬರಿನ ಆಯುಷ್ಯ ಅರ್ಧವಾಗುತ್ತದೆ ಎಂಬುದು ನಮ್ಮ ಕಸುಬಿನ ಸ್ಥೂಲ ಲೆಕ್ಕ. ಎಕ್ಸಾಸ್ಟಿನ ಹತ್ತಿರ ಹಾಯುವ ಹೋಸ್‌ಗಳ ಮೇಲೆ ಬೆಂಕಿ ತಡೆಯುವ ತೋಳು ಹಾಕಿರಬೇಕು. ತೋಳು ಹಾಕಿದ್ದೇವೆ ಎಂದು ಒಳಗಿನದನ್ನು ಮರೆಯುವವರೂ ಇದ್ದಾರೆ. ನಿಂತ ಮೇಲೆ ಕೌಲಿಂಗಿನ ಬಾಗಿಲು ತೆರೆದಿಡಿ, ಖರ್ಚಿಲ್ಲದ ಕೆಲಸ.

4. ಬದಲಾಯಿಸಿದರೆ ಎಲ್ಲವನ್ನೂ

ನಿಜ ಹೇಳುತ್ತೇನೆ: ಐದು ವರ್ಷಕ್ಕೆ ತೆಗೆದ ಹತ್ತು ಹೋಸ್‌ಗಳಲ್ಲಿ ಎಕ್ಸಾಸ್ಟಿನಿಂದ ದೂರ ಇದ್ದವು ಸಾಮಾನ್ಯವಾಗಿ ಇನ್ನೂ ಕೆಲಸ ಮಾಡುವಂತಿರುತ್ತವೆ. ಐದು ವರ್ಷ ಎಂಬುದು ಎಚ್ಚರಿಕೆಯ ಕಡೆಗೆ ವಾಲಿದ ಗಡುವು, ಅದನ್ನು ಒಪ್ಪುತ್ತೇನೆ. ಆದರೆ ಕೂಲೆಂಟ್ ಹೇಗೂ ಬಸಿದಾಯಿತು, ಕೌಲಿಂಗ್ ತೆಗೆದಾಯಿತು, ರೇಡಿಯೇಟರ್ ಸಡಿಲಿಸಿದ್ದಾಯಿತು. ಅಷ್ಟಾದ ಮೇಲೆ ಎರಡು ಹೋಸ್ ಉಳಿಸಿ ಗಳಿಸುವುದೇನು? ಬಿಟ್ಟ ಹಳೆಯದಕ್ಕೆ ಬೇರೆ ದಿನಾಂಕ, ಹಾಕಿದ ಹೊಸದಕ್ಕೆ ಬೇರೆ ದಿನಾಂಕ. ಮುಂದಿನ ಸಲ ಬರುವ ಮೆಕ್ಯಾನಿಕ್ಕಿಗೆ ಯಾವುದು ಯಾವಾಗಿನದು ಎಂದು ತಿಳಿಯುವುದಿಲ್ಲ. ಸಾಮಾನ್ಯ ಕೂಲೆಂಟನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸುವವರು ನಾಲ್ಕನೇ ವರ್ಷದ ಕೂಲೆಂಟಿನ ಜೊತೆಗೇ ಹೋಸ್‌ಗಳನ್ನೂ ಮುಗಿಸುವುದುಂಟು. ನನಗೆ ಆ ಪದ್ಧತಿ ಇಷ್ಟ.

5. ಜೆ.ಸಿ. ರಸ್ತೆಗೆ ಹೋಗುವ ಮುನ್ನ

ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್ ಪಶ್ಚಿಮ ದ್ವಾರ, ಮಿನರ್ವ ಸರ್ಕಲ್, ಅದಾದರೆ ಜೆ.ಸಿ. ರಸ್ತೆ. ಗಾಡಿ ಯಾವುದಾದರೂ ಸರಿ, ಬಿಡಿಭಾಗಕ್ಕೆ ದಕ್ಷಿಣ ಬೆಂಗಳೂರಿನವರ ಕಾಲು ತಾನಾಗಿ ಅಲ್ಲಿಗೇ ನಡೆಯುತ್ತದೆ. ಅಲ್ಲಿ ಸಿಗದಿದ್ದರೆ ಎಸ್.ಜೆ.ಪಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಹೋಸ್. "ಯಾವ ಗಾಡಿಗೆ ಸಾರ್?" ಎಂದು ಕೇಳಿದರೆ ವಿಮಾನಕ್ಕೆ ಎಂದು ಹೇಳಿ ನೋಡಿ. ಅಂಗಡಿಯವರು ನಗುತ್ತಾರೆ, ಆಮೇಲೆ ಇನ್ನಷ್ಟು ಒಳ್ಳೆಯ ಮಾಲು ಹುಡುಕಿ ತರುತ್ತಾರೆ.

ಹಂಸದಂಥ ಪ್ರಮಾಣಿತ ವಿಮಾನಕ್ಕೆ ಈ ಪ್ರಶ್ನೆಯೇ ಇಲ್ಲ. ಬಿಡುಗಡೆ ಪ್ರಮಾಣಪತ್ರ ಇರುವ ಭಾಗವನ್ನೇ ಹಾಕಬೇಕು. ಮೈಕ್ರೋಲೈಟಿಗೆ ತಯಾರಕರ ಕೈಪಿಡಿಯೇ ಕಾನೂನು. ತಾನೇ ಕಟ್ಟಿದವನಿಗೆ ಮಾತ್ರ ಆಯ್ಕೆಯ ಸ್ವಾತಂತ್ರ್ಯ, ಅದರ ಜೊತೆಗೆ ಬರುವ ತಲೆನೋವು. ಆ ಆಯ್ಕೆಯಲ್ಲಿ ಗಮನಿಸಬೇಕಾದ್ದು ಮೂರು. ಮೊದಲನೆಯದು, ಕೂಲೆಂಟಿಗೆಂದೇ ಮಾಡಿದ ಹೋಸ್ ಆಗಿರಬೇಕು. ಎಸ್‌ಎಇ ಜೆ20 ಎಂಬ ಮಾನಕದ ಗುರುತು ಇದ್ದರೆ ಒಳ್ಳೆಯದು. ತೋಟಕ್ಕೆ ನೀರು ಬಿಡುವ ಪೈಪಿಗೂ ಇದಕ್ಕೂ ಹೊರಗಿನಿಂದ ಅಂಥ ವ್ಯತ್ಯಾಸ ಕಾಣುವುದಿಲ್ಲ. ಎರಡನೆಯದು, ತಯಾರಾದ ಕಾಲ. ಹೆಚ್ಚಿನ ಒಳ್ಳೆಯ ಹೋಸ್‌ಗಳ ಮೈಮೇಲೆ ವರ್ಷ, ತ್ರೈಮಾಸಿಕ ಅಚ್ಚಾಗಿರುತ್ತದೆ. ಬಿಸಿಲು ಬೀಳುವ ಅಂಗಡಿ ಮುಂಗಟ್ಟಿನಲ್ಲಿ ಮೂರು ವರ್ಷ ನೇತಾಡಿದ್ದು ನಿಮ್ಮ ಐದರಲ್ಲಿ ಮೂರನ್ನು ಆಗಲೇ ತಿಂದಿದೆ. ಕೈಪಿಡಿ ಏನೇ ಹೇಳಲಿ, ನಾನು ಎಣಿಸುವುದು ಹಾಗೆ. ಮೂರನೆಯದು, ಬಣ್ಣಕ್ಕೆ ಮರುಳಾಗಬೇಡಿ. ನೀಲಿ ಸಿಲಿಕೋನ್ ಹೋಸ್ ಬಿಸಿ ತಡೆಯುತ್ತದೆ, ಬಹುಕಾಲ ಬಾಳುತ್ತದೆ, ಮಾತು ನಿಜ. ಆದರೆ ಅದರ ಗೋಡೆಯ ಮೂಲಕ ನೀರಿನ ಆವಿ ನಿಧಾನವಾಗಿ ಹೊರಹೋಗುತ್ತದೆ, ಎಣ್ಣೆ-ಪೆಟ್ರೋಲ್ ತಾಗಿದರೆ ಹಾಳಾಗುತ್ತದೆ, ಸಾಮಾನ್ಯ ಕ್ಲಾಂಪಿನ ಹಲ್ಲುಗಳು ಅದರ ಮೆತ್ತನೆಯ ಮೈಯನ್ನು ಕೊರೆಯುತ್ತವೆ.

ಇನ್ನೊಂದು ಮಾತು. ಕೂಲೆಂಟ್ ಹೋಸನ್ನು ಇಂಧನಕ್ಕೂ, ಇಂಧನದ ಹೋಸನ್ನು ಕೂಲೆಂಟಿಗೂ ಅದಲುಬದಲು ಮಾಡಬೇಡಿ. ಇಪಿಡಿಎಂ ಪೆಟ್ರೋಲಿನಲ್ಲಿ ಊದಿಕೊಳ್ಳುತ್ತದೆ.  

6. ಬಿಚ್ಚುವುದರಲ್ಲೇ ಅರ್ಧ ಕೆಲಸ

ಹಳೆಯ ಹೋಸ್ ಲೋಹಕ್ಕೆ ಕಚ್ಚಿಕೊಂಡಿರುತ್ತದೆ. ಅವಸರದ ಕೈ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸುತ್ತದೆ. ಅಲ್ಯೂಮಿನಿಯಂ ಕೊಳವೆಯ ಮೇಲೆ ಉದ್ದಕ್ಕೆ ಬಿದ್ದ ಒಂದು ಗೀರು ಕೂಲೆಂಟಿಗೆ ತೋಡಿದ ಕಾಲುವೆ. ಆಮೇಲೆ ಯಾವ ಕ್ಲಾಂಪ್ ಬಿಗಿದರೂ ಅದು ನಿಲ್ಲುವುದಿಲ್ಲ. ತಲೆಗೆ ಕೂರಿಸಿದ ಬಾಗುಕೊಳವೆಯನ್ನು ಹೋಸಿನ ಜೊತೆಗೇ ತಿರುಚಿದರೆ ಅದೂ ಸಡಿಲವಾಗಬಹುದು. ಸರಿಯಾದ ಕ್ರಮ ಸರಳ: ತುದಿಯ ರಬ್ಬರನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಆದರೆ ಪೂರ್ತಿ ಆಳಕ್ಕೆ ಬೇಡ, ಲೋಹ ಮುಟ್ಟುವ ಮೊದಲು ನಿಲ್ಲಿಸಿ, ಉಳಿದದ್ದನ್ನು ಕೈಯಲ್ಲಿ ಬಿಡಿಸಿ ಸಿಪ್ಪೆಯಂತೆ ಸುಲಿಯಿರಿ. ಹೋಸ್ ಹೇಗೂ ಎಸೆಯುವುದು, ಅದನ್ನು ಉಳಿಸುವ ಹಟ ಯಾಕೆ?

ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದು ತೆಗೆದು, ಅದರ ಅಳತೆಗೆ ಹೊಸದನ್ನು ಕತ್ತರಿಸಿ, ಹಾಕಿ, ಆಮೇಲೆ ಮುಂದಿನದು. ಶುರು ಮಾಡುವ ಮೊದಲು ಫೋನಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ. ಕತ್ತರಿಸುವಾಗ ತುದಿ ಓರೆಯಾಗಬಾರದು. ಕೊಳವೆಯ ಮೇಲೆ ಉಳಿದ ಕಪ್ಪು ಪದರವನ್ನು ನಯವಾದ ಸ್ಕಾಚ್‌ಬ್ರೈಟಿನಿಂದ ಸುತ್ತಲೂ ಉಜ್ಜಿ ತೆಗೆಯಿರಿ, ಉದ್ದಕ್ಕೆ ಉಜ್ಜಬೇಡಿ.

ಹೊಸ ಹೋಸ್ ಒಳಗೆ ಹೋಗದಿದ್ದರೆ ಗ್ರೀಸ್ ಹಚ್ಚುವ ಚಟ ಗ್ಯಾರೇಜುಗಳಲ್ಲಿ ಸಾಮಾನ್ಯ. ಬಿ.ಟಿ.ಎಂ.ನಲ್ಲೂ ನೋಡಿದ್ದೇನೆ, ಬನಶಂಕರಿಯಲ್ಲೂ ನೋಡಿದ್ದೇನೆ. ಗ್ರೀಸ್ ಇಪಿಡಿಎಂನ ಶತ್ರು; ತುದಿ ಊದಿ ಮೆತ್ತಗಾಗುತ್ತದೆ, ಒತ್ತಡ ಬಂದಾಗ ಜಾರುತ್ತದೆ. ಕೂಲೆಂಟನ್ನೇ ಸ್ವಲ್ಪ ಸವರಿದರೆ ಸಾಕು, ಹೋಸ್ ಜಾರಿ ಕೂರುತ್ತದೆ, ಆಮೇಲೆ ಒಣಗಿ ಹಿಡಿದುಕೊಳ್ಳುತ್ತದೆ.

7. ಕ್ಲಾಂಪ್ ಬಿಗಿಯುವವನ ಬಲ ಅಳೆಯಿರಿ

ರಬ್ಬರ್ ಬಿಸಿಗೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ, ವರ್ಷ ಕಳೆದಂತೆ ಒತ್ತಡಕ್ಕೆ ಒಗ್ಗಿ ತೆಳುವಾಗುತ್ತದೆ. ಸ್ಪ್ರಿಂಗ್ ಕ್ಲಾಂಪ್ ಇವೆಲ್ಲವನ್ನೂ ತಾನೇ ಹಿಂಬಾಲಿಸುತ್ತದೆ. ಸ್ಕ್ರೂ ಕ್ಲಾಂಪ್ ಬಿಗಿದಲ್ಲೇ ನಿಲ್ಲುತ್ತದೆ. ಜನವರಿಯ ಮುಂಜಾನೆ ಜಕ್ಕೂರಿನಲ್ಲಿ ಕೌಲಿಂಗ್ ಕೆಳಗೆ ಎರಡು ಹನಿ, ಎಂಜಿನ್ ಬಿಸಿಯಾದ ಮೇಲೆ ಒಂದೂ ಇಲ್ಲ. ಇದನ್ನು ಕಂಡ ಕೂಡಲೇ ಇನ್ನೂ ಎರಡು ಸುತ್ತು ಬಿಗಿಯುವುದು ಹಳೆಯ ತಪ್ಪು ಮದ್ದು. ಅತಿಯಾಗಿ ಬಿಗಿದ ಪಟ್ಟಿ ರಬ್ಬರನ್ನೇ ಕತ್ತರಿಸುತ್ತದೆ. ಎಂಜಿನ್ ಜೊತೆ ಬಂದದ್ದು ಸ್ಪ್ರಿಂಗ್ ಕ್ಲಾಂಪ್ ಆದರೆ ಅದನ್ನೇ ಹಾಕಿ. ಸ್ಕ್ರೂ ಕ್ಲಾಂಪೇ ಆದರೆ, ಮೊದಲ ಬಿಸಿ ಓಟದ ನಂತರ ತಣ್ಣಗಾದಾಗ ಒಮ್ಮೆ ನೋಡಿ, ಮತ್ತೆ ಮುಟ್ಟಬೇಡಿ. ಪಟ್ಟಿ ಕೂರಬೇಕಾದ್ದು ಕೊಳವೆಯ ತುದಿಯ ಉಬ್ಬಿನ ಹಿಂದೆ, ಉಬ್ಬಿನ ಮೇಲಲ್ಲ.

8. ನಲ್ಲಿ ನೀರು ಬೇಡ

ಬನಶಂಕರಿ, ಜೆ.ಪಿ. ನಗರದ ಕಡೆಯ ಬೋರ್‌ವೆಲ್ ನೀರಿನ ಬಕೆಟ್ಟು ನೋಡಿದವರಿಗೆ ಗಡಸು ನೀರಿನ ಬಿಳಿ ಪದರದ ಪರಿಚಯ ಇದೆ. ಸಿಲಿಂಡರ್ ತಲೆಯ ಕಿರಿದಾದ ದಾರಿಗಳಲ್ಲೂ ಅದೇ ಪದರ ಕಟ್ಟುತ್ತದೆ. ಕಾವೇರಿ ನೀರು ಬರುತ್ತದಲ್ಲ ಎಂದರೆ ಅದೂ ಬೇಡ; ಲವಣ, ಕ್ಲೋರಿನ್ ಅದರಲ್ಲೂ ಇವೆ, ಮೇಲೆ ಹೇಳಿದ ಬ್ಯಾಟರಿ ಕ್ರಿಯೆಗೆ ಅವು ಇಂಬು ಕೊಡುತ್ತವೆ. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಕ್ಯಾನುಗಟ್ಟಲೆ ಸಿಗುತ್ತದೆ. ಅಲ್ಯೂಮಿನಿಯಂಗೆ ಹೊಂದುವ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ನೀರೇ ಇಲ್ಲದ ಕೂಲೆಂಟ್ ಹಾಕಿದ ಎಂಜಿನ್ನಿಗೆ ನೀರು ಬೆರೆಸಲೇಬಾರದು; ಯಾವುದು ತುಂಬಿದೆ ಎಂದು ಟ್ಯಾಂಕಿನ ಮೇಲೆ ಚೀಟಿ ಅಂಟಿಸಿ.

9. ಕ್ಯಾಪೂ ರಬ್ಬರೇ

ಕುಕ್ಕರಿನಲ್ಲಿ ವೆಯ್ಟ್ ಮಾಡುವ ಕೆಲಸವನ್ನು ಇಲ್ಲಿ ಎಕ್ಸ್‌ಪ್ಯಾನ್ಷನ್ ಟ್ಯಾಂಕಿನ ಕ್ಯಾಪ್ ಮಾಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯಲ್ಲೇ ಕುದಿಯುತ್ತದೆ, ಮೇಲಕ್ಕೆ ಹಾರಿದರೆ ಇನ್ನೂ ಬೇಗ. ಕ್ಯಾಪ್ 1.2 ಬಾರ್ ಒತ್ತಡ ಹಿಡಿದಿಟ್ಟರೆ (ಹಳೆಯ ಎಂಜಿನ್ನುಗಳಲ್ಲಿ 0.9) ಕೂಲೆಂಟ್ 120 ಡಿಗ್ರಿಯಲ್ಲೂ ಕುದಿಯದೆ ಇರುತ್ತದೆ. ಕ್ಯಾಪಿನ ವಾಷರ್ ಸತ್ತರೆ ಹೊಸ ಹೋಸ್ ಹಾಕಿ ಪ್ರಯೋಜನವಿಲ್ಲ. ಹೋಸ್ ಜೊತೆ ಕ್ಯಾಪನ್ನೂ ಬದಲಾಯಿಸುತ್ತೇನೆ. ಬಿಸಿ ಎಂಜಿನ್ನಿನ ಕ್ಯಾಪ್ ತೆರೆಯಬಾರದು ಎಂದು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳಿದ್ದೇನೆ.

10. ಗಾಳಿ ಸಿಕ್ಕಿಕೊಂಡರೆ ಮೀಟರ್ ಸುಳ್ಳು ಹೇಳುತ್ತದೆ

ಹೊಸ ಹೋಸ್ ಹಾಕಿ ಕೂಲೆಂಟ್ ತುಂಬಿದ ಮೇಲೆ ಎಲ್ಲೋ ಒಂದು ಕಡೆ ಗಾಳಿಗುಳ್ಳೆ ಉಳಿದಿರುತ್ತದೆ. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಪೂರ್ತಿ ತಣಿಸಿ, ಟ್ಯಾಂಕ್ ನೋಡಿ ತುಂಬಿಸಿ, ಮತ್ತೆ ಅದೇ. ಮಟ್ಟ ಇಳಿಯುವುದು ನಿಂತ ಮೇಲೆ ಹಾರುವ ಮಾತು. ತಾಪಮಾನದ ಸೆನ್ಸರ್ ದ್ರವದಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಹೇಳೀತು. ಕೂಲೆಂಟ್ ಪೂರ್ತಿ ಚೆಲ್ಲಿಹೋದಾಗ ಮುಳ್ಳು ಏರುವ ಬದಲು ಇಳಿಯುವುದೂ ಉಂಟು. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಹೊಗೆ ಬರುವ ಕಾರಿನ ಚಾಲಕರು "ಮೀಟರ್ ನಾರ್ಮಲ್ ತೋರಿಸ್ತಿತ್ತು" ಎನ್ನುವುದು ಇದಕ್ಕೇ. ಮೊದಲ ಹಾರಾಟ ಏರೋಡ್ರೋಮಿನ ಮೇಲೆಯೇ ಸುತ್ತುವುದು, ರನ್‌ವೇ ಕೈಗೆಟುಕುವ ಎತ್ತರದಲ್ಲಿ. ಇಳಿದು ಕೌಲಿಂಗ್ ತೆಗೆದು ಇಪ್ಪತ್ತೂ ತುದಿಗಳನ್ನು ಟಾರ್ಚ್ ಹಿಡಿದು ನೋಡಿ.

11. ಇಲಿ

ಕೈಪಿಡಿಯಲ್ಲಿ ಇದಕ್ಕೆ ಅಧ್ಯಾಯ ಇಲ್ಲ. ಹ್ಯಾಂಗರಿನಲ್ಲೂ ಬೇಸ್‌ಮೆಂಟಿನಲ್ಲೂ ಇಲಿ ಇದೆ, ಹೋಸ್ ಕಡಿಯುತ್ತದೆ. ಎಷ್ಟೇ ಹೊಸ ಹೋಸ್ ಆದರೂ ಹಾರುವ ಮೊದಲು ನೋಡಲೇಬೇಕು.

12. ದಿನಾಂಕ ಬರೆಯಿರಿ

ಲಾಗ್‌ಬುಕ್ಕಿನಲ್ಲಿ "ಕೂಲೆಂಟ್ ಹೋಸ್ ಬದಲಾಯಿಸಲಾಗಿದೆ" ಎಂದಷ್ಟೇ ಬರೆದು ಸಹಿ ಹಾಕುವುದು ಸಾಲದು. ಹೋಸ್ ಯಾರದು, ಯಾವ ಅಳತೆ, ತಯಾರಾದ ವರ್ಷ ಯಾವುದು, ಹಾಕಿದ ದಿನ ಯಾವುದು, ಆಗ ಎಂಜಿನ್ ಎಷ್ಟು ಗಂಟೆ ಓಡಿತ್ತು, ಯಾವ ಕೂಲೆಂಟ್ ತುಂಬಿತು, ಎಲ್ಲ ಬರೆಯಿರಿ. ಹಗುರ ವಿಮಾನಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ. ಈಗಿನ ಮಾಲೀಕನಿಗೆ ನೆನಪಿರುವುದು ಮುಂದಿನವನಿಗೆ ಗೊತ್ತಿರುವುದಿಲ್ಲ. ಹಳೆಯ ವಿಮಾನ ಕೊಳ್ಳುವವರು ಬಣ್ಣ, ಸೀಟು, ರೇಡಿಯೊ ನೋಡುವ ಮೊದಲು ಲಾಗ್‌ಬುಕ್ಕಿನ ಈ ಸಾಲನ್ನು ಹುಡುಕಬೇಕು. ಆ ಸಾಲು ಸಿಗದಿದ್ದರೆ ಹೋಸ್‌ಗಳ ಅವಧಿ ಮುಗಿದಿದೆ ಎಂದೇ ಎಣಿಸಿ, ಅವನ್ನು ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ, ಬದಲಾಯಿಸಿದ ಮೇಲೆಯೇ ಹಾರಿ.